ಮಾತಿಗೆ ಚಿಂದಿ, ಹಾಡಿಗೆ ಮರ

ಗೋಡೆಯೆಂದರೆ ತಿರುಗದ ವಸ್ತು ಎಂಬ ವಿಷಯದಲ್ಲಿ ಬಳ್ಳಾರಿಯ ಗೋಡೆ-ಬಾಗಿಲು ಉಪವಿಭಾಗಕ್ಕೆ ಯಾವ ಅನುಮಾನವೂ ಇರಲಿಲ್ಲ. ಪಾರ್ವತಿನಗರದ ಸಂಗೀತ ಟೀಚರ್ ಶೀಲಾ ತನ್ನ ಮಾಳಿಗೆಯ ಮೇಲೆ ರೆಕಾರ್ಡಿಂಗ್ ಕೋಣೆ ಕಟ್ಟಿದ ಮೇಲೆ ಅನುಮಾನ ಹುಟ್ಟಿತು.

ಕೋಣೆಯ ಗೋಡೆಗಳ ಮುಂದೆ ಶೀಲಾ ಇಪ್ಪತ್ತನಾಲ್ಕು ಹಲಗೆ ನಿಲ್ಲಿಸಿದ್ದಳು. ಪ್ರತಿಯೊಂದರ ನಡುವೆ ಕಬ್ಬಿಣದ ಸರಳು; ಬೆರಳಿನಿಂದ ತಳ್ಳಿದರೆ ಹಲಗೆ ಮಗ್ಗಲು ಬದಲಿಸುತ್ತಿತ್ತು. ಒಂದು ಮೈ ಬರಿ ತೇಗ, ಇನ್ನೊಂದು ಮೈಗೆ ಜೀನ್ಸ್ ಹೊಲಿಯುವವರಿಂದ ಚೀಲಗಟ್ಟಲೆ ತಂದ ಚಿಂದಿಯ ಮೆತ್ತೆ. ಚಿಂದಿ ದನಿಯನ್ನು ನುಂಗುತ್ತಿತ್ತು, ಮರ ದನಿಯನ್ನು ತುಂಬಿಸಿ ಮರಳಿಸುತ್ತಿತ್ತು. ಮಾತಿಗೆ ಚಿಂದಿ, ಹಾಡಿಗೆ ಮರ. ಎರಡು ವರ್ಷ ಭಾನುವಾರಗಳನ್ನೆಲ್ಲ ಸುರಿದು ಅವಳು ಇಷ್ಟನ್ನು ಸಾಧಿಸಿದ್ದಳು.

ಇದೆಲ್ಲ ಬಾದನಹಟ್ಟಿಯ ದೊಡ್ಡಮ್ಮ ಗಾದೆಮ್ಮನಿಗಾಗಿ. ಗಾದೆಮ್ಮನಿಗೆ ಜೋಳ ಬೀಸುವಾಗ ಹಾಡುವ ಮೂವತ್ತೆಂಟು ಹಾಡು ಬರುತ್ತಿದ್ದವು, ಬೇರೆ ಯಾರಿಗೂ ಬರುತ್ತಿರಲಿಲ್ಲ. ಬುಧವಾರ ಅವಳ ಉಳಿದ ಹನ್ನೊಂದು ಹಲ್ಲನ್ನೂ ಕೀಳುವುದೆಂದು ಡಾಕ್ಟರು ಹೇಳಿದ್ದರು. "ಹಲ್ಲು ಹೋದ್ರ ಮಾತು ಬಾಯಾಗ ನಿಲ್ಲಂಗಿಲ್ಲವ್ವ, ಅದಕ್ಕಿಂತ ಮುಂಚೆ, ಮಂಗಳವಾರನ ಬಂದು ಹಾಡ್ತೀನಿ" ಎಂದಿದ್ದಳು.

ಸೋಮವಾರ ಬೆಳಿಗ್ಗೆ ಉಪವಿಭಾಗದ ಅಧಿಕಾರಿ ಚಂದ್ರಣ್ಣನವರು ತಪಾಸಣೆಗೆ ಬಂದರು. ಒಂದು ಹಲಗೆಯನ್ನು ತಿರುಗಿಸಿ ನೋಡಿ ಬರೆದುಕೊಂಡರು.

"ತಿರುಗೋದಕ್ಕ ನಮ್ಮಲ್ಲಿ ಬಾಗಿಲು ಅಂತೀವ್ರಿ, ಮೇಡಂ."

"ಹಿಂದ ಗೋಡಿ ಐತ್ರಿ ಸರ್. ಯಾರೂ ದಾಟಿ ಹೋಗಾಕ ಬರಂಗಿಲ್ಲ."

"ದಾಟಾಕ ಬರಲಾರದ ಬಾಗಿಲು ಅಂತ ಬರೀತೀನಿ. ನಮ್ಮ ಆಫೀಸಿನ್ಯಾಗೂ ಅಂಥವು ಭಾಳ ಅದಾವ."

ಮಧ್ಯಾಹ್ನಕ್ಕೆ ನೋಟಿಸು ಬಂತು. "ಸದರಿ ಕೋಣೆಗೆ ಪ್ರವೇಶದ ಬಾಗಿಲೂ ಸೇರಿ ಇಪ್ಪತ್ತೈದು ಬಾಗಿಲುಗಳಿರುವುದರಿಂದ ಅದನ್ನು ಸಾರ್ವಜನಿಕ ಸಭಾಂಗಣವೆಂದು ಪರಿಗಣಿಸಲಾಗಿದೆ. ಸಭೆ ನಡೆಯದ ಸಭಾಂಗಣಕ್ಕೆ ಬೀಗ ಹಾಕತಕ್ಕದ್ದು." ಬೀಗವನ್ನು ನೋಟಿಸಿನ ಜೊತೆಗೇ ಕಳಿಸಿದ್ದರು.

ಶೀಲಾ ಕಚೇರಿಗೆ ಓಡಿದಳು. ಸಭೆ ನಡೆದರೆ ಬೀಗ ತೆಗೆಯಬಹುದು ಎಂದು ಚಂದ್ರಣ್ಣನವರು ಒಪ್ಪಿದರು. ಮಂಗಳವಾರದ ಸಾರ್ವಜನಿಕ ಅಹವಾಲು ಸಭೆಗೆ ಅವರಿಗೂ ಜಾಗವಿರಲಿಲ್ಲ. ಕಚೇರಿಯ ಸಭಾಂಗಣದ ಗೋಡೆ ಬಿದ್ದಿತ್ತು; ಸಭೆ ಶೀಲಾಳ ಕೋಣೆಯಲ್ಲೇ ಎಂದಾಯಿತು. ಹಲಗೆಗಳ ಗುಣವನ್ನು ಕೇಳಿ ತಿಳಿದುಕೊಂಡು ಅವರು ಅಲ್ಲೇ ಒಂದು ನಿಯಮ ಮಾಡಿದರು: ಸಾರ್ವಜನಿಕರು ಮಾತಾಡುವಾಗ ಚಿಂದಿ, ಅಧಿಕಾರಿ ಮಾತಾಡುವಾಗ ಮರ.

ಮಂಗಳವಾರ ಮಾಳಿಗೆ ತುಂಬಿತು. ಅಹವಾಲು ಹೇಳಲು ಮೊದಲು ಎದ್ದವರು ಪಾರ್ವತಿನಗರದವರೇ ಆದ ದೊಡ್ಡಬಸಪ್ಪ. ಮೂರು ವರ್ಷದ ಹಿಂದೆ ತಮ್ಮ ಮನೆಯಲ್ಲಿ ಇಟ್ಟಿಗೆಯಿಟ್ಟು ಮುಚ್ಚಿದ ಬಾಗಿಲನ್ನು ದಿನಾ ತೆರೆಯುತ್ತಿಲ್ಲವೆಂದು ಅವರಿಗೆ ನೋಟಿಸು ಬಂದಿತ್ತು. ಗಂಟಲು ಹರಿಯುವಂತೆ ಕೂಗಿದರು. ಚಿಂದಿ ಅಷ್ಟನ್ನೂ ನುಂಗಿತು. ತಮ್ಮ ಕೂಗು ತಮಗೇ ಪಿಸುಮಾತಿನಂತೆ ಕೇಳಿ, "ಅಂಥಾ ದೊಡ್ಡ ತ್ರಾಸೇನಲ್ಲ ಬಿಡ್ರಿ" ಎಂದು ಕುಳಿತರು. ಶೀಲಾ ಹಲಗೆಗಳನ್ನು ತಿರುಗಿಸಿದಳು. "ಪರಿಶೀಲಿಸಲಾಗುವುದು" ಎಂದರು ಚಂದ್ರಣ್ಣನವರು. ಆ ಒಂದು ಮಾತು ಕೋಣೆಯನ್ನು ತುಂಬಿ ಮೊಳಗಿತು. ಜನ ಚಪ್ಪಾಳೆ ತಟ್ಟಿದರು.

ಗಾದೆಮ್ಮ ಬೆಳಗಿನ ಬಸ್ಸಿಗೇ ಬಂದು ಮೂಲೆಯಲ್ಲಿ ಕುಳಿತಿದ್ದಳು. ಶೀಲಾ ಮತ್ತೆ ಮತ್ತೆ ಗಡಿಯಾರ ನೋಡಿದಳು. ತಡೆಯಲಾರದೆ ಕೇಳಿದಳು.

"ನಮ್ಮ ದೊಡ್ಡಮ್ಮ ಹಾಡಬೇಕ್ರಿ ಸರ್."

"ಹಾಡ್ಲಿ. ಸಾರ್ವಜನಿಕರು, ಚಿಂದಿ ಹಾಕ್ರಿ."

ಗಾದೆಮ್ಮ ಎರಡು ಸಾಲು ಹಾಡಿ ನಿಲ್ಲಿಸಿಬಿಟ್ಟಳು. "ಗೋಡಿ ಓ ಅನ್ನವಲ್ದವ್ವ. ನನಗ ಆಗಂಗಿಲ್ಲ."

"ಮರ ಅಧಿಕಾರಿಗಳಿಗೆ ಮಾತ್ರರಿ. ನಿಯಮ ಐತಿ" ಎಂದು ಚಂದ್ರಣ್ಣನವರು ವಿಷಾದಿಸಿದರು. ಅಷ್ಟರಲ್ಲಿ ಅವರಿಗೆ ಊಟದ ಹೊತ್ತಾಗಿತ್ತು. ಸಭೆಯ ನಡುವೆ ಅಧಿಕಾರಿಯ ಕುರ್ಚಿ ಖಾಲಿ ಬಿಡುವಂತಿರಲಿಲ್ಲ, ಅದಕ್ಕೂ ನಿಯಮವಿತ್ತು.

"ನೀವು ಉಂಡು ಬರೋವರೆಗೂ ನಮ್ಮ ದೊಡ್ಡಮ್ಮಗ ಚಾರ್ಜ್ ಕೊಟ್ಟು ಹೋಗ್ರಿ ಸರ್" ಎಂದಳು ಶೀಲಾ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಚಂದ್ರಣ್ಣನವರು ಕೈಪಿಡಿ ತಿರುವಿದರು. ಪ್ರಭಾರ ವಹಿಸಿಕೊಡತಕ್ಕದ್ದು ಎಂದಿತ್ತು, ಯಾರಿಗೆ ಎಂದಿರಲಿಲ್ಲ. ಆದೇಶ ಬರೆದರು. ಗಾದೆಮ್ಮ ಹೆಬ್ಬೆಟ್ಟು ಒತ್ತಿ ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತಳು. ಇಪ್ಪತ್ತನಾಲ್ಕು ಹಲಗೆ ಮರದ ಮೈಗೆ ತಿರುಗಿದವು.

ಒಬ್ಬೊಬ್ಬರೇ ಬಂದು ಅರ್ಜಿ ಕೊಟ್ಟರು. ಒಂದೊಂದಕ್ಕೂ ಅವಳು ಒಂದೊಂದು ಹಾಡು ಹಾಡಿದಳು. ಶೀಲಾ ಒಂದು ಕೈಯಲ್ಲಿ ರೆಕಾರ್ಡಿಂಗ್ ನೋಡಿಕೊಳ್ಳುತ್ತ ಇನ್ನೊಂದರಲ್ಲಿ ನಡಾವಳಿ ಬರೆದಳು: "ವಿಷಯ: ಕಟ್ಟಿದ ಚರಂಡಿ. ಉತ್ತರ: ತವರಿನ ಹಾಡು. ಅರ್ಜಿದಾರರು ಕಣ್ಣೊರೆಸಿಕೊಂಡು ತೆರಳಿದರು." ಅರ್ಜಿಗಳು ಮೂವತ್ತಾರಕ್ಕೆ ಮುಗಿದಾಗ ದೊಡ್ಡಬಸಪ್ಪ ಹೊಸ ತಕರಾರು ನೆನಪಿಸಿಕೊಂಡು ಇನ್ನೆರಡು ಅರ್ಜಿ ಬರೆದರು.

ನಾಲ್ಕು ಗಂಟೆಗೆ ಚಂದ್ರಣ್ಣನವರು ಮರಳಿದಾಗ ಮೂವತ್ತೆಂಟು ಅರ್ಜಿ ವಿಲೇವಾರಿಯಾಗಿದ್ದವು, ಮೂವತ್ತೆಂಟು ಹಾಡೂ ಮುಗಿದಿದ್ದವು. ತೃಪ್ತರಾದ ಅರ್ಜಿದಾರರು ಎಂಬ ಕಾಲಂ ಅವರ ಸೇವಾವಧಿಯಲ್ಲಿ ಮೊದಲ ಬಾರಿಗೆ ತುಂಬಿತ್ತು.

ಬುಧವಾರ ಹನ್ನೊಂದು ಹಲ್ಲೂ ಹೋದವು. ಆದರೆ ಪ್ರಭಾರ ಹೋಗಲಿಲ್ಲ. ನೌಕರರಲ್ಲದವರಿಂದ ಅದನ್ನು ಹಿಂಪಡೆಯುವ ನಮೂನೆ ಅಚ್ಚಾಗಿರಲಿಲ್ಲ. ಪ್ರತಿ ಮಂಗಳವಾರ ಗಾದೆಮ್ಮ ಬಸ್ಸಿಗೆ ಬರುತ್ತಾಳೆ, ಬೊಚ್ಚು ಬಾಯಲ್ಲೇ ಹಾಡುತ್ತಾಳೆ. ಮಾತು ತಿಳಿಯುವುದಿಲ್ಲ, ಕಚೇರಿಯ ಉತ್ತರವಾದ್ದರಿಂದ ಅದು ತಿಳಿಯಲೆಂದು ಜನ ನಿರೀಕ್ಷಿಸಿಯೂ ಇಲ್ಲ.

ಮೂರನೆಯ ಮಂಗಳವಾರ ಚಂದ್ರಣ್ಣನವರು ಸರದಿಯಲ್ಲಿ ಹದಿನೇಳನೆಯವರಾಗಿ ನಿಂತು, ತಮ್ಮ ಹುದ್ದೆ ತಮಗೆ ಮರಳಿಸಬೇಕೆಂದು ಅರ್ಜಿ ಕೊಟ್ಟರು. ಗಾದೆಮ್ಮ ಅದನ್ನು ಶೀಲಾಳಿಂದ ಓದಿಸಿ ಕೇಳಿದಳು.

"ನೋಡೂಣಂತ, ಕುಂದ್ರಪ" ಎಂದು ಹಾಡಿಗೆ ದನಿಯೆತ್ತಿದಳು.

ಚಂದ್ರಣ್ಣನವರು ಚಾಪೆಯ ಮೇಲೆ ಕುಳಿತು ತೊಡೆಯ ಮೇಲೆ ತಾಳ ಹಾಕತೊಡಗಿದರು.