ಐಸ್ ಪ್ಲಾಂಟಿಗೆ ನಾನು ಕೊಡಿಸಿದ ಒಂದನೇ ನಂಬರು

ಕರೆಂಟಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದು ಐವತ್ತಾರನೆಯ ವಯಸ್ಸಿನವರೆಗೂ ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಅದೂ ಎರಡನೇ ಸಲಕ್ಕೆ ಪಾಸು. ಆದರೆ ಅಂಕೋಲೆ ಹತ್ತಿರದ ಮೀನು ಫ್ಯಾಕ್ಟರಿಯ ಐಸ್ ಪ್ಲಾಂಟಿನಲ್ಲಿ ಎಲೆಕ್ಟ್ರಿಷಿಯನ್ ಆಗಿ ಇಪ್ಪತ್ತೆರಡು ವರ್ಷ ಸವೆಸಿದ್ದೆ. ಯಾವ ಮೋಟಾರಿನ ಕಾಯಿಲ್ ಸುಟ್ಟಿದೆ ಎಂದು ವಾಸನೆಯಿಂದಲೇ ಹೇಳುತ್ತಿದ್ದೆ. ತೋಡೂರಿನ ನಮ್ಮ ಕಾಲೊನಿಯಲ್ಲಿ ಯಾರ ಮನೆಯ ಫ್ಯಾನು ನಿಂತರೂ ಮೊದಲು ನನ್ನನ್ನೇ ಕರೆಯುತ್ತಿದ್ದರು. ಹೀಗಿರುವಾಗ ಮನುಷ್ಯನಿಗೆ ಸ್ವಲ್ಪ ಜಂಬ ಬರುವುದು ಸಹಜ. ನನಗೆ ಸ್ವಲ್ಪ ಹೆಚ್ಚೇ ಬಂದಿತ್ತು!

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಫ್ಯಾಕ್ಟರಿಗೆ ಪಿ.ಎಲ್.ಸಿ. ಎಂಬ ಬೂದು ಬಣ್ಣದ ಪೆಟ್ಟಿಗೆಗಳು ಬಂದವು. ಊಟದ ಡಬ್ಬಿಯಷ್ಟು ಗಾತ್ರ, ಮೈತುಂಬ ಮಿಣುಕು ದೀಪ. ಯಾವ ಮೋಟಾರು ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ತನ್ನೊಳಗೆ ಬರೆದಿಟ್ಟುಕೊಂಡು ತಾನೇ ನಡೆಸುವ ಯಂತ್ರ. ಪ್ಯಾಕಿಂಗ್ ಹಾಲಿಗೆ ಒಂದು, ಕೋಲ್ಡ್ ಸ್ಟೋರೇಜಿಗೆ ಒಂದು, ನಮ್ಮ ಐಸ್ ಪ್ಲಾಂಟಿಗೆ ಒಂದು. ಈ ಮೂರನ್ನೂ ಒಂದು ಕೇಬಲ್ಲಿನಿಂದ ಜೋಡಿಸಿ ಪರಸ್ಪರ ಮಾತಾಡುವಂತೆ ಮಾಡಿದ್ದರು. ಪ್ಯಾಕಿಂಗ್ ಹಾಲಿನ ಪೆಟ್ಟಿಗೆ 'ಐಸ್ ಬೇಕು' ಎಂದರೆ ನಮ್ಮ ಪೆಟ್ಟಿಗೆ ಕ್ರಷರ್ ಚಾಲು ಮಾಡಿ ಪುಡಿ ಐಸನ್ನು ಕೊಳವೆಯಲ್ಲಿ ಕಳಿಸುತ್ತದೆ. 'ಸಾಕು' ಎಂದರೆ ನಿಲ್ಲಿಸುತ್ತದೆ. ಅದಕ್ಕೂ ಮೊದಲು ಇಷ್ಟೇ ಕೆಲಸವನ್ನು ನಾವು ಕೂಗಿ ಮಾಡುತ್ತಿದ್ದೆವು.

ಈ ಜೋಡಣೆಗೆ ಹುಬ್ಬಳ್ಳಿಯ ಒಂದು ಕಂಪನಿಯಿಂದ ಬಂದವರು ಸುಜಾತಾ ಮೇಡಂ. ಧಾರವಾಡ ಕಡೆಯ ಹುಡುಗಿ, ವಯಸ್ಸು ಇಪ್ಪತ್ತೈದು ಇದ್ದೀತು. ಪೂರ್ತಿ ಜವಾಬ್ದಾರಿ ಹೊತ್ತು ಒಬ್ಬರೇ ಮಾಡುತ್ತಿದ್ದ ಮೊದಲ ಕೆಲಸ ಅದು. ಹೊರಡುವ ದಿನ ನನ್ನ ಹತ್ತಿರ ಹೇಳಿದ್ದರು:

"ಎಂಟು ದಿನ ತಕರಾರಿಲ್ಲದ ನಡೀಬೇಕ್ರಿ ಕಾಕಾ. ಆಮ್ಯಾಲೆ ನಿಮ್ಮ ಮ್ಯಾನೇಜರು ಪತ್ರಕ್ಕ ಸಹಿ ಹಾಕ್ತಾರ. ಆ ಪತ್ರ ಕೊಟ್ರ ನನ್ನ ಕಾಯಂ ಮಾಡ್ತಾರ. ನೀವು ಒಂದೀಟು ಕಣ್ಣಿಟ್ಟಿರ್ರಿ."

"ನಾ ಇದ್ದೆ ಅಲ್ದಾ ಮೇಡಂ! ಆರಾಮ ಹೋಗಿ ಬನ್ನಿ" ಎಂದೆ.

ನಾನು ಕಣ್ಣಿಟ್ಟೆ. ಕಣ್ಣಿಟ್ಟದ್ದೇ ತಪ್ಪಾಯಿತು.

ಪ್ರತಿ ಪೆಟ್ಟಿಗೆಯ ಮೇಲೂ ಒಂದು ಪುಟ್ಟ ತಿರುಪು, ಅದರ ಸುತ್ತ ಅಂಕಿಗಳು. ಪ್ಯಾಕಿಂಗ್ ಹಾಲಿನದನ್ನು ಒಂದಕ್ಕೆ, ಕೋಲ್ಡ್ ಸ್ಟೋರೇಜಿನದನ್ನು ಎರಡಕ್ಕೆ, ನಮ್ಮದನ್ನು ಮೂರಕ್ಕೆ ತಿರುಗಿಸಿಟ್ಟಿದ್ದರು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಗಮನಿಸಿ ಹೇಳಿದವನು ಪ್ಯಾಕಿಂಗ್ ಹಾಲಿನ ಸೂಪರ್‌ವೈಸರ್ ಗಣಪತಿ ತಾಂಡೇಲ.

"ಹೋಯ್ ನಾಯ್ಕರೆ! ಇನ್ ಮುಂದೆ ನಮ್ಗೆ ಕೈ ಮುಗ್ದು ಐಸ್ ಕಳ್ಸೂದು ಹಾಂ! ನಮ್ದು ಒಂದ್ನೇ ನಂಬರ್. ನಿಮ್ದು ಮೂರು!"

"ಐಸ್ ಇಲ್ದೆ ನಿನ್ನ ಶೆಟ್ಲಿ ಎಷ್ಟೊತ್ತು ತಾಳ್ತದೆ ಮಾರಾಯ?" ಎಂದು ನಾನೂ ಬಿಡಲಿಲ್ಲ.

"ಅದೆಲ್ಲ ನಂಗೊತ್ತಿಲ್ಲ. ಕಲ್ತವ್ರು ಬಂದು ನಂಬರ್ ಕೊಟ್ಟು ಹೋಗಿದ್ದು!"

ಶೆಟ್ಲಿ ಎಂದರೆ ಸಿಗಡಿ. ಅದನ್ನು ಸುಲಿಯುತ್ತಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಆ ಮೂರು ಮಾತ್ರ ತಲೆಯಲ್ಲಿ ಉಳಿಯಿತು.

ನಮ್ಮ ಕಡೆ ಮದುವೆ ಮನೆಯಲ್ಲಿ ವೀಳ್ಯ ಕೊಡುವುದಕ್ಕೆ ಒಂದು ಕ್ರಮ ಇದೆ. ಯಾವ ಮನೆಗೆ ಮೊದಲು, ಯಾವ ಮನೆಗೆ ಆಮೇಲೆ ಎಂಬುದು ಅಜ್ಜನ ಕಾಲದಿಂದ ನಿಶ್ಚಯವಾಗಿರುತ್ತದೆ. ಒಮ್ಮೆ ಕಿನ್ನರ ಎಂಬ ಊರಿನ ಮದುವೆಯೊಂದರಲ್ಲಿ ನಮ್ಮ ಮನೆಯ ವೀಳ್ಯ ಮೂರನೆಯದಾಗಿ ಬಂತೆಂದು ನನ್ನ ಅಪ್ಪ ಊಟದ ಎಲೆ ಬಿಟ್ಟು ಎದ್ದಿದ್ದರು. ಅಷ್ಟು ದೂರ ಖಾಲಿ ಹೊಟ್ಟೆಯಲ್ಲಿ ನಡೆದು ಬಂದು, ಮನೆಯಲ್ಲಿ ಗಂಜಿ ಕುಡಿದು, "ಮರ್ಯಾದೆ ಉಳೀತು" ಎಂದಿದ್ದರು. ಅಂಥವರ ಮಗ ನಾನು. ಫ್ಯಾಕ್ಟರಿ ಶುರುವಾದಾಗ ಮೊದಲು ತಿರುಗಿದ ಯಂತ್ರ ನಮ್ಮ ಐಸ್ ಪ್ಲಾಂಟಿನದು. ಅದಕ್ಕೆ ಮೂರನೇ ನಂಬರೇ?

ಮೇಡಂ ಹೋದ ಐದನೆಯ ದಿನ, ಎಲ್ಲರೂ ಚಹಾಕ್ಕೆ ಹೋದಾಗ, ಜೇಬಿನ ಟೆಸ್ಟರ್ ತೆಗೆದು ನಮ್ಮ ಪೆಟ್ಟಿಗೆಯ ತಿರುಪನ್ನು ಮೂರರಿಂದ ಒಂದಕ್ಕೆ ತಿರುಗಿಸಿದೆ. ತಾಂಡೇಲನ ಒಂದನ್ನು ನಾನು ಕಿತ್ತುಕೊಳ್ಳಲಿಲ್ಲ. ಅಷ್ಟು ಸಣ್ಣ ಮನಸ್ಸು ನನ್ನದಲ್ಲ! ಅವನೂ ಒಂದನೇ ನಂಬರಿನಲ್ಲಿ ಇರಲಿ, ನಾವೂ ಇರೋಣ ಎಂದು ಉದಾರವಾಗಿ ಯೋಚಿಸಿದೆ.

ಏನೂ ಆಗಲಿಲ್ಲ. ದೀಪಗಳು ಮೊದಲಿನ ಹಾಗೆಯೇ ಮಿಣುಕುತ್ತಿದ್ದವು. ಯಂತ್ರಕ್ಕೂ ಒಪ್ಪಿಗೆಯಾಯಿತು ಎಂದುಕೊಂಡು ನಾನೂ ಚಹಾಕ್ಕೆ ಹೋದೆ.

ಆ ಪೆಟ್ಟಿಗೆಗಳು ತಮ್ಮ ನಂಬರನ್ನು ಓದಿಕೊಳ್ಳುವುದು ಕರೆಂಟು ಹೋಗಿ ಬಂದಾಗ ಮಾತ್ರ ಎಂಬುದು ನನಗೆ ಗೊತ್ತಿರಲಿಲ್ಲ. ಕರೆಂಟು ಹೋಗದೆ ಇರುವ ಊರು ನಮ್ಮದಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಮರುದಿನ ಹತ್ತು ಗಂಟೆಗೆ ಹೋಯಿತು. ಐದು ನಿಮಿಷ ಬಿಟ್ಟು ಬಂತು. ಬಂದದ್ದೇ ತಡ, ಪ್ಯಾಕಿಂಗ್ ಹಾಲಿನಲ್ಲಿ ಸಿಗಡಿ ಸಾಗಿಸುವ ಬೆಲ್ಟು ಒಮ್ಮೆ ಜಗ್ಗಿ ನಿಂತಿತು. ಕೋಲ್ಡ್ ಸ್ಟೋರೇಜಿನ ಅಪಾಯದ ಗಂಟೆ ಹೊಡೆದುಕೊಳ್ಳತೊಡಗಿತು. ನಮ್ಮ ಕ್ರಷರ್ ಮಾತ್ರ ಎಂದೂ ಇಲ್ಲದ ಉತ್ಸಾಹದಿಂದ ಓಡತೊಡಗಿತು. 'ಐಸ್ ಬೇಕು' ಎಂಬ ಮಾತು ಹೇಗೋ ತಲುಪಿತ್ತು. 'ಸಾಕು' ಎಂಬ ಮಾತು ಎರಡು ಒಂದನೇ ನಂಬರುಗಳ ನಡುವೆ ಎಲ್ಲೋ ಕಳೆದುಹೋಗಿತ್ತು!

ಕೊಳವೆಯಿಂದ ಐಸ್ ಸುರಿಯಿತು. ತೊಟ್ಟಿ ತುಂಬಿತು. ತೊಟ್ಟಿ ದಾಟಿ ನೆಲಕ್ಕೆ ಬಂತು. ಹೆಂಗಸರು ಸೀರೆ ಎತ್ತಿಕೊಂಡು ಮೇಜು ಹತ್ತಿದರು. ತಾಂಡೇಲ ಮೊಣಕಾಲುದ್ದದ ಐಸಿನಲ್ಲಿ ನಿಂತು, ಮೊನ್ನೆ ಮೊನ್ನೆ ಬಿಟ್ಟಿದ್ದ ಕೂಗುವ ಪದ್ಧತಿಗೆ ಮರಳಿದ.

"ಸಾಕೋ! ನಾಯ್ಕರೆ, ಸಾಕೋ ಸಾಕು!"

ನನಗೆ ಎಲ್ಲ ಹೊಳೆಯಿತು. ಕೆಂಪು ಗುಂಡಿ ಒತ್ತಿ ಕ್ರಷರ್ ನಿಲ್ಲಿಸಿದೆ. ಆದರೂ ಬೆಲ್ಟು ಓಡಲಿಲ್ಲ. ಎಲ್ಲರೂ ಹಾಲಿನಲ್ಲಿ ಐಸ್ ಬಾಚುವ ಗಡಿಬಿಡಿಯಲ್ಲಿದ್ದರು. ನನಗೆ ಧೈರ್ಯ ಬರಲು ಒಂದು ತಾಸು ಹಿಡಿಯಿತು. ಕೊನೆಗೆ ಯಾರೂ ನೋಡದ ಹಾಗೆ ತಿರುಪನ್ನು ಮೂರಕ್ಕೆ ಮರಳಿಸಿ, ಮೇನ್ ಸ್ವಿಚ್ ತೆಗೆದು ಮತ್ತೆ ಹಾಕಿದೆ. ಬೆಲ್ಟು ಸದ್ದಿಲ್ಲದೆ ಓಡಿತು. ಅಷ್ಟರಲ್ಲಿ ಅದರ ಮೇಲಿದ್ದ ಸಿಗಡಿಯೆಲ್ಲ ಗೊಬ್ಬರಕ್ಕೆ ಲಾಯಕ್ಕಾಗಿತ್ತು.

ನಾನು ಹಾಲಿಗೆ ಬರುತ್ತಲೇ ಮ್ಯಾನೇಜರ್ ಪ್ರಭುಗಳು ಓಡಿ ಬಂದರು. "ನಾಯ್ಕರೆ, ನೀವು ಸರಿ ಮಾಡ್ದ್ರಾ? ಎಂತ ಆಗಿತ್ತು?"

ಇಲ್ಲಿ ನಾನು ಒಂದು ಮಾತು ಹೇಳಿದ್ದರೆ ಈ ಕತೆ ಮುಗಿದುಹೋಗುತ್ತಿತ್ತು. ನಾನು ಬೇರೆ ಮಾತು ಹೇಳಿದೆ.

"ಒಂದು ವಾಯರ್ ಸಡ್ಲ ಇತ್ತು ಸಾಹೇಬ್ರೆ. ಬಿಗಿ ಮಾಡ್ದೆ."

ಹೆಂಗಸರು ಐಸ್ ಬಾಚುವುದನ್ನು ಬಿಟ್ಟು ಚಪ್ಪಾಳೆ ತಟ್ಟಿದರು. ಪ್ರಭುಗಳು ನನ್ನೆದುರೇ ಹುಬ್ಬಳ್ಳಿಗೆ ಫೋನು ಮಾಡಿದರು. "ಎಂಥವರನ್ನ ಕಳಿಸ್ತೀರಿ ನೀವು? ವಾಯರ್ ಬಿಗಿ ಮಾಡೋಕೆ ಬರೂದಿಲ್ವಾ? ನಮ್ಮ ಎಸ್ಸೆಸ್ಸೆಲ್ಸಿ ಮನುಷ್ಯ ಒಂದೇ ತಾಸಲ್ಲಿ ಸರಿ ಮಾಡ್ದ!" ಜೀವನದಲ್ಲಿ ಮೊದಲ ಸಲ ಯಾರೋ ನನ್ನ ಎಸ್ಸೆಸ್ಸೆಲ್ಸಿಯನ್ನು ಹೊಗಳಿದ್ದರು. ಅದನ್ನು ಅನುಭವಿಸುವ ಭಾಗ್ಯ ನನಗಿರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಮೇಡಂ ಬಂದಿಳಿದರು. ಮುಖ ಬಾಡಿತ್ತು.

"ಯಾವ ವಾಯರ್ ಕಾಕಾ?"

ನಾನು ಕೈಗೆ ಸಿಕ್ಕ ಒಂದನ್ನು ತೋರಿಸಿದೆ.

"ಇದು ಅರ್ಥಿಂಗ್ ವಾಯರ್ ರೀ. ಇದು ಸಡ್ಲ ಆದ್ರ ಎಲ್ಲಾ ಯಾಕ ನಿಂದರ್ತಾವ?"

"ಹಂಗಾದ್ರೆ ಅದರ ಬಾಜೂದು ಇರ್ಬೇಕು."

"ಬಾಜೂದು ಖಾಲಿ ಐತಲ್ರಿ."

"ಗಡಿಬಿಡೀಲಿ ಸಮ ನೋಡ್ಲಿಲ್ಲ ಮೇಡಂ."

ಅವರು ನನ್ನನ್ನು ಸಂಶಯಿಸಲಿಲ್ಲ. ತಮ್ಮನ್ನೇ ಸಂಶಯಿಸಿಕೊಂಡರು. ತಿರುಪು ಮೂರರಲ್ಲೇ ಇತ್ತು, ಎಲ್ಲವೂ ಸರಿಯಾಗಿಯೇ ಓಡುತ್ತಿತ್ತು. ಇಲ್ಲದ ದೋಷವನ್ನು ಹುಡುಕುವುದು ಇರುವ ದೋಷವನ್ನು ಹುಡುಕುವುದಕ್ಕಿಂತ ಎಷ್ಟೋ ಕಷ್ಟ. ಎರಡು ದಿನ ಅವರು ಒಂದೊಂದೇ ವಾಯರನ್ನು ಬಿಚ್ಚಿ, ನೋಡಿ, ಮತ್ತೆ ಬಿಗಿದರು. ಕೇಬಲ್ ಹೋದ ಕಡೆಯೆಲ್ಲ ತೆವಳಿದರು. ಹಿಂದೆ ಬ್ಯಾಟರಿ ಹಿಡಿದು ಬೆಳಕು ಬಿಡುತ್ತಿದ್ದವನು ನಾನೇ. "ಇಲ್ಲೊಂದು ನೋಡಿ ಮೇಡಂ, ಅಲ್ಲೊಂದು ನೋಡಿ ಮೇಡಂ" ಎಂದು ಸಲಹೆಯನ್ನೂ ಕೊಟ್ಟೆ! ಅವರು, "ನೀವಿಲ್ಲಂದ್ರ ನನ್ನ ಗತಿ ಏನ್ರಿ ಕಾಕಾ" ಎಂದರು. ಆಗ ಕೋಲ್ಡ್ ಸ್ಟೋರೇಜಿನ ಬಾಗಿಲು ತೆರೆದು ಯಾರಾದರೂ ನನ್ನನ್ನು ಒಳಗೆ ನೂಕಿದ್ದರೆ ಸಂತೋಷವಾಗಿ ಹೋಗುತ್ತಿದ್ದೆ.

ಎರಡನೆಯ ದಿನ ಸಂಜೆ ಅವರ ಕಂಪನಿಯಿಂದ ಫೋನು ಬಂತು. ಮಾತು ಮುಗಿಸಿ ಮೇಡಂ ನೆಲ ನೋಡುತ್ತ ಹೇಳಿದರು: "ನಾಳಿಂದ ಹಿರಿಯರೊಬ್ರನ್ನ ಕಳಸ್ತಾರಂತ್ರಿ. ನಾ ಎಲ್ಲಾ ಒಪ್ಪಿಸಿ ಹೋಗಬೇಕಂತ."

ಇದರ ಮೇಲೆ ಪ್ರಭುಗಳು ಇನ್ನೊಂದು ಸುದ್ದಿ ಹೇಳಿದರು. ನಾಳೆ ಪ್ಯಾಕಿಂಗ್ ಹಾಲಿನಲ್ಲಿ ನನಗೆ ಶಾಲು ಹೊದಿಸಿ ಸನ್ಮಾನ!

ಮನೆಗೆ ಬಂದು ಬಂಗಡೆ ಸಾರಿನ ಮುಂದೆ ಸುಮ್ಮನೆ ಕುಳಿತೆ. ನಾನು ಬಂಗಡೆಯ ಮುಂದೆ ಸುಮ್ಮನೆ ಕೂತದ್ದನ್ನು ಮದುವೆಯಾದಾಗಿನಿಂದ ಕಾಣದ ನನ್ನ ಹೆಂಡತಿ ಶೇವಂತಿ ಗಾಬರಿಯಾದಳು. ಎಲ್ಲ ಹೇಳಿಬಿಟ್ಟೆ.

"ನಂಬರ್ ತಿರ್ಗಿಸ್ದ್ರಿ?"

"ಹೂಂ."

"ಎಂತಕೆ?"

"ತಾಂಡೇಲ ಮೂರ್ನೇ ನಂಬರ್ ಅಂದ."

"ಎಸ್ಸೆಸ್ಸೆಲ್ಸಿ ಎರಡ್ನೇ ಸಲ ಪಾಸಾದವ್ರಿಗೆ ಒಂದ್ನೇ ನಂಬರ್ ಎಂತಕೆ ಬೇಕಾಗಿತ್ರೀ?"

ಅವಳು ಬಂಗಡೆಯ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ನಾಳೆ ಹೋಗಿ ಎಲ್ಲರೆದುರು ಹೇಳಿ. ಇಲ್ಲದಿದ್ರೆ ಬಸ್ ಹತ್ತಿ ನಾನೇ ಬರ್ತೆ. ಆ ಹುಡ್ಗಿ ಹೊಟ್ಟೆ ಮೇಲೆ ಕಾಲಿಟ್ಟು ಶಾಲು ಹೊದೂಕೆ ಹೊಂಟಿದ್ರಾ?"

ಮರುದಿನ ಪ್ಯಾಕಿಂಗ್ ಹಾಲಿನಲ್ಲಿ ಎಲ್ಲರೂ ಸೇರಿದರು. ನಾನು ಬಾಯಿ ತೆರೆಯುವ ಮೊದಲೇ ಪ್ರಭುಗಳು ಶಾಲು ಹೊದಿಸಿಬಿಟ್ಟರು. ಮೇಡಂ ಮೂಲೆಯಲ್ಲಿ ಚೀಲ ಹಿಡಿದು ನಿಂತಿದ್ದರು. ನನಗಾಗಿ ಚಪ್ಪಾಳೆಯನ್ನೂ ತಟ್ಟಿದರು.

"ಸಾಹೇಬ್ರೆ, ವಾಯರ್ ಸಡ್ಲ ಇರ್ಲಿಲ್ಲ" ಎಂದೆ. "ಎಲ್ಲಾ ನಾನೇ ಹಾಳು ಮಾಡಿದ್ದು. ನಂಬರ್ ತಿರುಪು ತಿರ್ಗಿಸ್ದೆ. ಮೇಡಮ್ಮೋರದು ಏನೂ ತಪ್ಪಿಲ್ಲ."

ಪ್ರಭುಗಳ ಕಣ್ಣು ತುಂಬಿ ಬಂತು.

"ನೋಡಿ! ಎಂಥ ದೊಡ್ಡ ಮನಸ್ಸು! ಆ ಹುಡುಗಿ ಕೆಲ್ಸ ಉಳೀಲಿ ಅಂತ ತಪ್ಪನ್ನ ತನ್ನ ಮೇಲೆ ಹಾಕ್ಕೊಳ್ತಿದ್ದಾರೆ!"

ಮತ್ತೆ ಚಪ್ಪಾಳೆ. ಮೊದಲಿಗಿಂತ ಜೋರಾಗಿ!

"ಅಲ್ಲ ಸಾಹೇಬ್ರೆ, ನಿಜವಾಗ್ಲೂ ನಾನೇ!"

"ನಾಯ್ಕರೆ, ಸಾಕು ಮಾರಾಯ್ರೆ" ಎಂದ ತಾಂಡೇಲ. "ನಿಮ್ಗೆ ಅಷ್ಟೆಲ್ಲ ಹಾಳು ಮಾಡೂಕೆ ಎಲ್ಲಿ ಬರ್ತದೆ?"

ನಿರಪರಾಧಿ ಎಂದು ಸಾಬೀತು ಮಾಡಲು ಜನ ಕೋರ್ಟು ಹತ್ತುವುದನ್ನು ಕೇಳಿದ್ದೇನೆ. ಅಪರಾಧಿ ಎಂದು ಸಾಬೀತು ಮಾಡಲು ಒದ್ದಾಡಿದವನು ಈ ಕರಾವಳಿಯಲ್ಲಿ ನಾನೊಬ್ಬನೇ ಇರಬೇಕು. "ಬನ್ನಿ, ತೋರಿಸ್ತೆ!" ಎಂದು ಎಲ್ಲರನ್ನೂ ಐಸ್ ಪ್ಲಾಂಟಿಗೆ ಕರೆದುಕೊಂಡು ಹೋದೆ. ಟೆಸ್ಟರ್ ತೆಗೆದು ತಿರುಪನ್ನು ಮೂರರಿಂದ ಒಂದಕ್ಕೆ ತಿರುಗಿಸಿ, ಕಣ್ಣು ಮುಚ್ಚಿ ನಿಂತೆ.

ಏನೂ ಆಗಲಿಲ್ಲ. ದೀಪಗಳು ಮಿಣುಕುತ್ತಿದ್ದವು. ಮೇನ್ ತೆಗೆದು ಹಾಕಬೇಕೆಂಬುದು ಗಾಬರಿಯಲ್ಲಿ ನನಗೆ ಮರೆತೇಹೋಗಿತ್ತು.

"ನಾ ಹೇಳ್ದ್ನಲ್ಲ!" ಎಂದ ತಾಂಡೇಲ. ಮೂರನೆಯ ಸಲ ಚಪ್ಪಾಳೆಗೆ ಕೈಗಳು ಮೇಲೆದ್ದವು. ತಪ್ಪು ಮಾಡುವಾಗ ಅಷ್ಟು ಚಂದ ಕೈಗೂಡಿದ ಕೆಲಸ, ಒಪ್ಪಿಕೊಳ್ಳುವಾಗ ಕೈಕೊಟ್ಟಿತ್ತು.

ಅಷ್ಟರಲ್ಲಿ ಮೇಡಂ ಚೀಲ ಕೆಳಗಿಟ್ಟು ಮುಂದೆ ಬಂದರು. ತಿರುಪಿನ ಕಡೆ ನೋಡಿದರು. ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಎರಡು ದಿನಗಳ ಗಂಟೊಂದು ಮೆಲ್ಲಗೆ ಬಿಚ್ಚಿತು.

"ಬೆಲ್ಟ್ ಮ್ಯಾಲಿಂದು ಎಲ್ಲಾ ಮೀನು ತಗೀರಿ ಮೊದಲ" ಎಂದು ತಾಂಡೇಲನಿಗೆ ಹೇಳಿದರು. ಆಮೇಲೆ ನನಗೆ: "ಕಾಕಾ, ಈಗ ಮೇನ್ ತಗದು ಹಾಕ್ರಿ."

ತೆಗೆದು ಹಾಕಿದೆ.

ಬೆಲ್ಟು ಜಗ್ಗಿ ನಿಂತಿತು. ಗಂಟೆ ಹೊಡೆಯಿತು. ಕ್ರಷರ್ ಗುಡುಗಿತು. ಹಾಲಿನೊಳಗೆ ಐಸ್ ಸುರಿಯುವ ಸದ್ದು ಕೇಳಿ ಎಲ್ಲರೂ ಅತ್ತ ಓಡಿದರು. ಪ್ರಭುಗಳು ಜಾರಿ ಐಸಿನ ರಾಶಿಯ ಮೇಲೆ ಕುಳಿತೇಬಿಟ್ಟರು. ಹೆಂಗಸರು ಮತ್ತೆ ಮೇಜು ಹತ್ತಿದರು. ಅಷ್ಟು ಜನರಲ್ಲಿ ಚಳಿಯಾಗದವನು ನಾನೊಬ್ಬನೇ. ಹೆಗಲ ಮೇಲೆ ಶಾಲು ಇತ್ತಲ್ಲ!

ಮೇಡಂ ಕ್ರಷರ್ ನಿಲ್ಲಿಸಿ, ತಿರುಪನ್ನು ಮೂರಕ್ಕೆ ತಂದು, ಮೇನ್ ತೆಗೆದು ಹಾಕಿ ಎಲ್ಲವನ್ನೂ ಸರಿಮಾಡಿದರು. ಎರಡು ನಿಮಿಷದ ಕೆಲಸ.

"ನಂಬರ್ ಅಂದ್ರ ಮರ್ಯಾದಿ ಅಲ್ರಿ ಕಾಕಾ" ಎಂದರು. "ಮನಿ ನಂಬರ್ ಇದ್ದಂಗ. ಎರಡು ಮನಿಗೆ ಒಂದ ನಂಬರ್ ಇದ್ರ ಪೋಸ್ಟ್‌ಮನ್ ಪತ್ರ ಯಾರಿಗೆ ಕೊಡಬೇಕು? ಒಂದ್ ಮಾತು ನನ್ನ ಕೇಳಿದ್ರ ಹೇಳತಿದ್ದೆ."

"ಹೌದಾ? ಹಂಗಾದ್ರೆ ನಮ್ಮ ಒಂದ್ನೇ ನಂಬರೂ ದೊಡ್ದಲ್ವಾ?" ಎಂದು ತಾಂಡೇಲ ಪೆಚ್ಚಾದ.

ಪ್ರಭುಗಳು ಹಸಿ ಪ್ಯಾಂಟಿನಲ್ಲೇ ಆಫೀಸಿಗೆ ಹೋಗಿ ಪತ್ರಕ್ಕೆ ಸಹಿ ಹಾಕಿದರು. ಹುಬ್ಬಳ್ಳಿಗೆ ತಾವೇ ಫೋನು ಮಾಡಿ ಕ್ಷಮೆ ಕೇಳಿದರು. ಹಿರಿಯರು ಬರುವುದು ರದ್ದಾಯಿತು. ಪತ್ರದ ಜೊತೆಗೊಂದು ವರದಿ ಇತ್ತು. 'ದೋಷಕ್ಕೆ ಕಾರಣರಾದವರು' ಎಂಬಲ್ಲಿ ಮೇಡಂ ನನ್ನ ಹೆಸರು ಬರೆದರು. 'ದೋಷವನ್ನು ಪತ್ತೆ ಹಚ್ಚಿದವರು' ಎಂಬಲ್ಲಿಯೂ ನನ್ನ ಹೆಸರನ್ನೇ ಬರೆದರು. ಅದು ನ್ಯಾಯ ಎಂದರು. ನಾನು ಕೆಳಗೆ ಸಹಿ ಹಾಕಿದೆ.

ಶಾಲನ್ನು ಮಡಚಿ ಅವರ ಕೈಗೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ಬಸ್ಸಿಗೆ ಹೊರಟವರು ಗೇಟಿನ ಹತ್ತಿರ ನಿಂತು ಕೇಳಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

"ಎಲ್ಲಾ ಗೊತ್ತಿದ್ದೂ ಎರಡು ದಿನ ನನ್ನ ಹಿಂದ ಬ್ಯಾಟರಿ ಹಿಡದು ಅಡ್ಡಾಡಿದ್ರಲ್ಲ ಕಾಕಾ... ಯಾಕ್ರಿ?"

ಕರೆಂಟಿನ ವಿಷಯದಲ್ಲಿ ಎಲ್ಲ ಗೊತ್ತಿದ್ದವನ ಬಾಯಿಂದ ಬಂದದ್ದು ಇಷ್ಟೇ:

"ಅಲ್ಲೆಲ್ಲ ಕತ್ಲೆ ಇತ್ತಲ್ಲ ಮೇಡಂ."