ಡೆರಿಮೋಲದ ಕೇಕು ನಿರಾಕರಣ ಸಮರ

ಪಡುಗಡಲ ಉಪ್ಪುಗಾಳಿಗೆ ಕಲ್ಲುಗೋಡೆಗಳೂ ತಲೆತಗ್ಗಿಸಿ ನಿಂತಿದ್ದ ಆ ಯುಗದಲ್ಲಿ, ಮಳೆಯು ನಿಲ್ಲುವುದನ್ನೇ ಮರೆತ ಐರ್ಲೆಂಡೆಂಬ ದ್ವೀಪದ ಅಂಚಿನಲ್ಲಿ, ಊರೆನ್ನಲು ತೀರ ಕಿರಿದೂ ಕೇರಿಯೆನ್ನಲು ತೀರ ಚದುರಿದ್ದೂ ಆದ ಡೆರಿಮೋಲವೆಂಬ ಭೂಖಂಡವಿತ್ತು. ಎಲೈ ವಾಗ್ದೇವಿಯೇ, ಆಲೂಗಡ್ಡೆ, ಜೌಗುನೆಲ, ಕತ್ತೆಗಳನ್ನುಳಿದು ಬೇರಾವ ಐಶ್ವರ್ಯವನ್ನೂ ಕಾಣದ ಆ ನಾಡಿನ ಕುಲಧರ್ಮವನ್ನು ಹಾಡಲು ಬಲವನ್ನೀ!

ಏನದು ಕುಲಧರ್ಮ? ಉಪಚಾರವನ್ನು ಅತಿಥಿಯು ಕೂಡಲೇ ಒಪ್ಪತಕ್ಕದ್ದಲ್ಲ. ಮನೆಯೊಡತಿ ಸಿಟ್ಟಿಗೇಳುವವರೆಗೂ ಒಲ್ಲೆನೆಂದು, ಆಮೇಲಷ್ಟೇ "ನಿಮ್ಮ ಮನಸ್ಸು ನೋಯಬಾರದಲ್ಲ" ಎಂದು ಕೂರತಕ್ಕದ್ದು. ಇದನ್ನು ಮೀರಿದವನು ಗೆರಾಟಿ ವಂಶದ ಮುದುಕ ಬಾರ್ತ್ಲಿಯೊಬ್ಬನೇ. ಹಿಂದೊಮ್ಮೆ, ಹಸಿವು ತಾಳದೆ, ಆತ ಕರೆದೊಡನೆ ಕುಳಿತು ಉಂಡುಬಿಟ್ಟ. ಬೆಟ್ಟಗಳು ಸವೆದವು, ರಾಜ್ಯಗಳು ಅಳಿದವು. ಡೆರಿಮೋಲ ಮಾತ್ರ ಗೆರಾಟಿಗಳ ಮನೆಯನ್ನು 'ಕರೆದ ಕೂಡಲೇ ಕೂತವರ ಮನೆ' ಎಂದೇ ಕರೆಯುತ್ತ ಬಂತು.

ಆ ಕಳಂಕವನ್ನು ತೊಳೆಯಲೆಂದೇ ಜನಿಸಿದವನು ಬಾರ್ತ್ಲಿಯ ಮೊಮ್ಮಗ, ಪಂಕಖನನಧುರಂಧರ, ಬಹುತೇಪೆಕೋಟುಧಾರಿ, ಫೆಸ್ಟಸ್ ಗೆರಾಟಿ. ಮುಂಜಾನೆಯಿಂದ ಉರುವಲಿಗಾಗಿ ಜೌಗುಮಣ್ಣು ಕಡಿದು, ಜಠರದಲ್ಲಿ ವಡಬಾಗ್ನಿಯನ್ನು ಹೊತ್ತು, ಎರವಲು ತಂದ ಬಕೆಟ್ಟನ್ನು ಮರಳಿಸಲು ಅವನು ಡೇಲಿಯಾ ಕಾಯ್ನ್ ಎಂಬ ವಿಧವೆಯ ಹೊಸ್ತಿಲೇರಿದ.

"ಈ ಮನೆಯವರಿಗೆಲ್ಲ ದೇವರ ದಯೆಯಿರಲಿ" ಎಂದ.

ಅಲ್ಲಿ, ಮೇಜಿನ ಮೇಲೆ, ಇದೀಗ ಇಳಿಸಿದ ಒಣದ್ರಾಕ್ಷಿ ಕೇಕು ಹಬೆಯಾಡುತ್ತಿತ್ತು. ಅದರ ಗಂಧವು, ಕಳೆದುಹೋದ ಬಾಲ್ಯದೊಳಗಿಂದ ಯಾರೋ ಹೆಸರು ಹಿಡಿದು ಕರೆದಂತಿತ್ತು.

"ಕೂತ್ಕೋ ಮಗನೇ, ಒಂದು ತುಂಡು ತಿನ್ನು."

"ಅಯ್ಯೋ ಬೇಡ ತಾಯೀ, ಈಗಷ್ಟೇ ಉಂಡು ಬಂದೆ."

"ಸುಳ್ಳು! ನಿನ್ನ ಹೊಟ್ಟೆ ಗುಡುಗೋದು ಹೊರಗಿರೋ ನನ್ನ ಕೋಳಿಗಳಿಗೂ ಕೇಳ್ತಿದೆ."

"ಅದು ದೂರದ ಸಿಡಿಲು."

ಆಗ ಡೇಲಿಯಾ ಚಾಕುವನ್ನು ಖಡ್ಗದಂತೆತ್ತಿ ಗರ್ಜಿಸಿದಳು: "ಎಲವೋ ಗೆರಾಟಿಕುಲಾಂಕುರ! ಬಿಷಪ್ಪರನ್ನೇ ಮಣಿಸಿದ ಕೇಕಿದು! ಉಪವಾಸವ್ರತಿಗಳೂ ಇದರ ಮುಂದೆ ಮಂಡಿಯೂರಿದ್ದಾರೆ. ಬರಿಬಾಯಲ್ಲಿ ಈ ಹೊಸ್ತಿಲು ದಾಟಿದ ಮನುಷ್ಯ ಇನ್ನೂ ಹುಟ್ಟಿಲ್ಲ!"

ಫೆಸ್ಟಸ್ ಎದೆ ಸೆಟೆಸಿದ: "ಹುಟ್ಟಿದ್ದಾನೆ ತಾಯೀ, ನಿನ್ನ ಮುಂದೆಯೇ ನಿಂತಿದ್ದಾನೆ! ಸಾಗರ ಮೇರೆ ಮೀರಲಿ, ಆಕಾಶ ಒಣದ್ರಾಕ್ಷಿಯನ್ನೇ ಮಳೆಗರೆಯಲಿ, ಈ ದವಡೆ ಅಲುಗದು!"

ಅವಳು ಬೆಣ್ಣೆಯೆಂಬ ಬ್ರಹ್ಮಾಸ್ತ್ರವನ್ನು ಹೂಡಿದಳು. ಅದು ಕರಗಿ ತುಂಡಿನ ಅಂಚಿನಿಂದ ತೊಟ್ಟಿಕ್ಕಿತು. ವೀರನ ಕಣ್ಣೂ ತೊಟ್ಟಿಕ್ಕಿತು. ಕೊನೆಗೆ ಅವಳು ಸಿಟ್ಟಿಗೆದ್ದು ತಟ್ಟೆ ಕುಕ್ಕಿದಳು. ಧರ್ಮದಂತೆ ಕೂರಬಹುದಾದ ಗಳಿಗೆಯದು. ಆದರೆ ಅಜ್ಜನ ಮಾನಕ್ಕಾಗಿ ಫೆಸ್ಟಸ್, ಸಿಟ್ಟಿನ ಆಚೆಗೂ ಹೋಗಿ, ಮತ್ತೊಮ್ಮೆ ಒಲ್ಲೆನೆಂದ. ಡೆರಿಮೋಲದಲ್ಲಿ ಆ ಎಲ್ಲೆಯಾಚೆ ಯಾವ ನರನೂ ಕಾಲಿಟ್ಟಿರಲಿಲ್ಲ.

ಡೇಲಿಯಾಳ ಸಿಟ್ಟು ಇಳಿದು ಮುಖದಲ್ಲಿ ಮರುಕ ಮೂಡಿತು.

"ಓ... ಹಾಗೋ ವಿಷಯ" ಎಂದು ಅವಳು ಕೇಕನ್ನು ಮೆಲ್ಲಗೆ ಮುಚ್ಚಿಟ್ಟಳು.

ದಿಗ್ವಿಜಯಿ ಫೆಸ್ಟಸ್ ಖಾಲಿ ಹೊಟ್ಟೆಯಲ್ಲಿ ಮನೆ ಸೇರಿದ. ಸುದ್ದಿ ಬೇಲಿಯಿಂದ ಬೇಲಿಗೆ ಹಾರಿತು. ಅಜ್ಜನ ಕಾಲದ ಹೆಸರು ನಿಜಕ್ಕೂ ಅಳಿಸಿಹೋಯಿತು. ಡೇಲಿಯಾಳ ಕೇಕನ್ನು ಒಲ್ಲದಿರಲು ಡೆರಿಮೋಲಕ್ಕೆ ತೋಚಿದ ಕಾರಣ ಒಂದೇ ಆದ್ದರಿಂದ, ಸಂಜೆಯ ಹೊತ್ತಿಗೆ ಆ ಮನೆ 'ಹೊಟ್ಟೆ ಕೆಟ್ಟವರ ಮನೆ' ಆಗಿತ್ತು.

ಕತ್ತಲಾಗುವ ಮುನ್ನ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಡೇಲಿಯಾ ನಿಂತಿದ್ದಳು, ಕೈಯಲ್ಲಿ ಬಟ್ಟೆ ಮುಚ್ಚಿದ ಬಟ್ಟಲು.

"ತೆಳ್ಳಗಿನ ಓಟ್ಸ್ ಗಂಜಿ ಮಗನೇ. ಉಪ್ಪೂ ಹಾಕಿಲ್ಲ, ಹಾಲೂ ಹಾಕಿಲ್ಲ. ಆ ಕೇಕನ್ನೆಲ್ಲ ನೆರೆಯವರಿಗೆ ಹಂಚಿಬಿಟ್ಟೆ. ಪಾಪ, ನಿನಗೆ ಅದರ ವಾಸನೆಯೂ ತಾಗಬಾರದು ನೋಡು."