ಒಣ ನೆರಳಿಗೆ ಒಗ್ಗುವ ಗಿಡ

ಗಿಡ ಬೆಳೆಸುವವರದು ದೊಡ್ಡ ಮನಸ್ಸು ಎಂದು ಯಾರಾದರೂ ಹೇಳಿದರೆ ನಾನು ಬೇಗನೆ ಮಾತು ಬದಲಿಸುತ್ತೇನೆ. ನನ್ನ ಮಟ್ಟಿಗೆ ಅದು ಶುದ್ಧ ಸುಳ್ಳು. ನಾನು ಗಿಡ ಹಾಕಿದ್ದು ಹಸಿರಿನ ಮೇಲಿನ ಪ್ರೀತಿಯಿಂದಲ್ಲ, ಯಾರಾದರೂ ಕೇಳಿಕೊಂಡು ಬಾಗಿಲಿಗೆ ಬರಲಿ ಎಂಬ ಸ್ವಾರ್ಥದಿಂದ. ಎಂಬತ್ತರ ದಶಕದ ಮಾತು. ಹೆಂಡತಿ ತೀರಿಕೊಂಡ ಮೇಲೆ ವರ್ಗ ಮಾಡಿಸಿಕೊಂಡು ಗೌರಿಬಿದನೂರಿಗೆ ಬಂದಿದ್ದೆ. ಕಚೇರಿಯಲ್ಲಿ ಟೈಪಿಸ್ಟ್ ಕೆಲಸ. ವಾರವೆಲ್ಲ ಕಿವಿ ತುಂಬ ಟಕಟಕ. ಶನಿವಾರ ಮನೆಯ ಬೀಗ ತೆಗೆದರೆ ಸೋಮವಾರ ಬೆಳಗಿನವರೆಗೆ ನಾಲಿಗೆಗೆ ರಜೆ. ಒಂದು ಸಲ ಕರೆಂಟ್ ಮೀಟರ್ ನೋಡಲು ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, ನನ್ನ ಷಡ್ಡಕನ ಮಗಳ ಮದುವೆಯ ಕಥೆಯನ್ನು ನಿಶ್ಚಿತಾರ್ಥದಿಂದ ಬೀಗರೂಟದವರೆಗೆ ಹೇಳಿದೆ. ಮುಂದಿನ ತಿಂಗಳು ಅವರು ಗೇಟಿನಾಚೆಯೇ ನಿಂತು, ನಂಬರ್ ನೀವೇ ಓದಿಬಿಡಿ ಎಂದರು.

ನಮ್ಮ ಬೀದಿಯ ಜನ ಒಳ್ಳೆಯವರೇ. ಆದರೆ ಒಂಟಿ ಗಂಡಸಿನ ಮನೆಗೆ ಸುಮ್ಮಸುಮ್ಮನೆ ಯಾರು ಬರುತ್ತಾರೆ? ಕಾರಣ ಬೇಕು. ಒಂದೆಸಳು ಕರಿಬೇವು, ಶುಕ್ರವಾರಕ್ಕೆ ಒಂದು ಮೊಳ ಹೂವು, ಅಷ್ಟಾದರೂ ಬೇಕು. ನನ್ನ ಅಂಗಳದಲ್ಲಿ ಆ ಕಾರಣ ಬೆಳೆಯುತ್ತಿರಲಿಲ್ಲ. ಪೂರ್ವಕ್ಕೆ ಮಾಲೀಕರ ಮಹಡಿ ಮನೆ, ದಕ್ಷಿಣಕ್ಕೆ ಕಡಲೆಕಾಯಿ ಗೋಡೌನಿನ ಗೋಡೆ, ಪಶ್ಚಿಮಕ್ಕೆ ಹುಣಸೆಮರ. ಊರೆಲ್ಲ ಬಿಸಿಲಿಗೆ ಶಾಪ ಹಾಕುತ್ತಿದ್ದರೆ ನಾನೊಬ್ಬ ಗುಲಾಬಿ ಕುಂಡವನ್ನು ಎತ್ತಿಕೊಂಡು ಅಂಗೈಯಗಲದ ಬಿಸಿಲಿನ ಹಿಂದೆ ಅಂಗಳವೆಲ್ಲ ಸುತ್ತುತ್ತಿದ್ದೆ. ಗುಲಾಬಿ ಹೋಯಿತು. ಕರಿಬೇವು ಹೋಯಿತು. ತುಳಸಿ ಹೋದ ದಿನ ನನಗೆ ನಿಜವಾಗಿಯೂ ಅಳು ಬಂತು. ಹುಣಸೆಮರದಲ್ಲಿ ದೆವ್ವವಿದೆ ಎಂದು ಮಾಲೀಕರು ಮೊದಲೇ ಎಚ್ಚರಿಸಿದ್ದರು. ಮೂರು ವರ್ಷದಲ್ಲಿ ಅದು ಕೂಡ ನನ್ನನ್ನು ಮಾತಾಡಿಸಲಿಲ್ಲ.

ನೆರಳಿಗೆ ಯಾವ ಗಿಡ ಒಳ್ಳೆಯದೆಂದು ಯಾವುದೋ ಪತ್ರಿಕೆಯಲ್ಲಿ ಓದಿ ಜರೀಗಿಡ, ಏಲಕ್ಕಿ ಎಂದೆಲ್ಲ ಚೀಟಿ ಬರೆದುಕೊಂಡು ಹೋದೆ. ಸಂತೆಗೆ ಚಿಂತಾಮಣಿ ಕಡೆಯಿಂದ ಗಿಡ ತರುತ್ತಿದ್ದ ನಾರಾಯಣಪ್ಪ ಚೀಟಿ ನೋಡಿ ನಕ್ಕ. "ಇದು ಮಳೆ ಬೀಳೋ ಸೀಮೆ ನೆರಳಿಗೆ ಬರ್ದಿರೋದು ಸಾರ್. ನಿಮ್ದು ಒಣ ನೆರಳು. ಬಿಸ್ಲೂ ಇಲ್ಲ, ತೇವಾನೂ ಇಲ್ಲ." ಅಂಗಳಕ್ಕೆ ಹೇಳಿದನೋ ನನಗೇ ಹೇಳಿದನೋ ಎಂದು ಮನೆಯವರೆಗೂ ಯೋಚಿಸುತ್ತ ಬಂದೆ.

ಅವನು ಕೊಟ್ಟ ಕನಕಾಂಬರ ಬದುಕಿತು, ಆದರೆ ವಾರಕ್ಕೆ ಐದೇ ಹೂವು. ಐದು ಹೂವನ್ನು ಯಾವ ಹೆಂಗಸು ಕೇಳಿಕೊಂಡು ಬರುತ್ತಾಳೆ? ಮನಿಪ್ಲಾಂಟ್ ಮಾತ್ರ ಹುಚ್ಚೆದ್ದು ಹಬ್ಬಿತು. ಅದನ್ನೋ, ಕೇಳಿ ತಂದರೆ ಬರುವುದಿಲ್ಲ, ಕದ್ದೇ ತರಬೇಕು ಎಂಬ ನಂಬಿಕೆ. ನಾನು ಕಚೇರಿಯಲ್ಲಿದ್ದಾಗ ಯಾರೋ ಬಂದು ಶಾಸ್ತ್ರೋಕ್ತವಾಗಿ ಕದ್ದುಕೊಂಡು ಹೋದರು. ಕಳ್ಳರ ಮುಖ ನೋಡುವ ಯೋಗವೂ ನನಗಿರಲಿಲ್ಲ.

ಕೊನೆಗೆ ನಾರಾಯಣಪ್ಪ ಪುಕ್ಕಟೆಯಾಗಿ ಒಂದು ದೊಡ್ಡಪತ್ರೆ ಕಡ್ಡಿ ಕೊಟ್ಟ. ಅದು ನನ್ನ ಒಣ ನೆರಳನ್ನೇ ತವರುಮನೆ ಮಾಡಿಕೊಂಡಿತು. ಎರಡು ತಿಂಗಳಿಗೆ ಗೇಟಿನ ಸದ್ದಾಯಿತು. ಎದುರುಮನೆಯ ರಾಮಲಕ್ಷ್ಮಮ್ಮ, ರೈಲ್ವೆಯಲ್ಲಿದ್ದ ವೆಂಕಟಪ್ಪನವರ ಹೆಂಡತಿ. ಮೊಮ್ಮಗುವಿಗೆ ಕೆಮ್ಮು, ಎರಡು ವಾಮಾಕು ಬೇಕಿತ್ತು ಎಂದರು. ಅವರ ಮನೆಯ ತೆಲುಗಿನಲ್ಲಿ ದೊಡ್ಡಪತ್ರೆಗೆ ಅದೇ ಹೆಸರು. ಎಲೆ ಬಾಡಿಸಿ, ರಸ ಹಿಂಡಿ, ಜೇನಿನಲ್ಲಿ ನೆಕ್ಕಿಸಬೇಕು. ನಾನು ಮಾರನೆಯ ದಿನವೇ ಒಂದು ಬಾಟಲಿ ಜೇನು ತಂದಿಟ್ಟೆ. ಜೇನು ಹುಡುಕುವ ನೆಪದಲ್ಲಿ ಬಂದವರನ್ನು ಇನ್ನೈದು ನಿಮಿಷ ನಿಲ್ಲಿಸಬಹುದಲ್ಲ! ಒಬ್ಬರಿಂದ ಒಬ್ಬರಿಗೆ ಸುದ್ದಿ ಹರಡಿತು. ಕೆಮ್ಮಿಗೆ ಬಂದರು, ಬಜ್ಜಿಗೆ ಬಂದರು, ಬಂದವರು ಜಗುಲಿಯ ಮೇಲೆ ಕೂತರು. ಆ ನಾಲ್ಕು ತಿಂಗಳು ನಾನು ಸಂಸಾರಸ್ಥನಂತೆ ಬದುಕಿದೆ.

ಅಲ್ಲಿಗೆ ಸುಮ್ಮನಿರಬೇಕಿತ್ತು. ನನಗೆ ಹಿಗ್ಗು. ಎಲೆ ಕೇಳಿದವರಿಗೆಲ್ಲ, ಕಡ್ಡಿಯನ್ನೇ ಒಯ್ಯಿರಿ ಎಂದು ಮುರಿಮುರಿದು ಕೊಟ್ಟೆ. ದೊಡ್ಡಪತ್ರೆಯೋ, ಮಣ್ಣು ಕಂಡರೆ ಸಾಕು ಬೇರು ಬಿಡುವ ಜಾತಿ. ಮಳೆಗಾಲ ಮುಗಿಯುವಷ್ಟರಲ್ಲಿ ಮನೆಮನೆಯ ಮುಂದೂ ಡಾಲ್ಡಾ ಡಬ್ಬದಲ್ಲಿ ಒಂದೊಂದು ಪೊದೆ. ಗೇಟಿನ ಸದ್ದು ನಿಂತಿತು. ಚಳಿ ಬಂದು ಎದುರುಮನೆ ಮಗು ಕೆಮ್ಮಿದರೆ ನಾನು ಜೇನಿನ ಬಾಟಲಿ ಒರೆಸಿಟ್ಟು ಕಾಯುತ್ತಿದ್ದೆ. ಯಾರೂ ಬರುತ್ತಿರಲಿಲ್ಲ. ಮಗುವಿನ ಕೆಮ್ಮಿಗೆ ಆಸೆಪಡುವ ಮಟ್ಟಕ್ಕೆ ಇಳಿದೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆಮೇಲೆ ಕೆಮ್ಮು ನನಗೇ ಬಂತು. ಅಂಗಳದಲ್ಲಿ ದೊಡ್ಡಪತ್ರೆ ಮಂಡಿಯೆತ್ತರ ಬೆಳೆದು ನಿಂತಿತ್ತು. ನಾನು ಅದನ್ನು ದಾಟಿ, ಗೇಟು ತೆಗೆದು, ಬೀದಿ ದಾಟಿ, ರಾಮಲಕ್ಷ್ಮಮ್ಮನವರ ಬಾಗಿಲು ತಟ್ಟಿದೆ. ಎರಡು ಎಲೆ ಬೇಕಿತ್ತು, ನನ್ನ ಗಿಡ ಒಣಗಿಹೋಯಿತು ಎಂದೆ. ಐವತ್ತು ದಾಟಿದ ಸರ್ಕಾರಿ ನೌಕರ, ಒಂದು ಸೊಪ್ಪಿಗಾಗಿ ಸುಳ್ಳು!

"ಅಯ್ಯೋ, ಅದೂ ಒಣಗುತ್ತಾ ಸಾರ್?" ಎಂದು ಆಕೆ ಎಲೆಯ ಜೊತೆಗೆ ಒಂದು ಕಡ್ಡಿಯನ್ನೂ ಮುರಿದು ಕೈಗಿಟ್ಟರು. ಇನ್ನು ಇಲ್ಲಿಗೆ ಬರುವುದಕ್ಕೂ ಕಾರಣ ಉಳಿಯಲಿಲ್ಲವಲ್ಲ! ಅಷ್ಟರಲ್ಲಿ ಆಕೆಯೇ ಅಂದರು: "ಭಾನುವಾರ ನಮ್ಮೆಜಮಾನ್ರನ್ನ ಕರ್ಕೊಂಡು ಬಂದು ನೋಡ್ತೀನಿ, ಹಿಡ್ಕೊಂತೋ ಇಲ್ವೋ ಅಂತ."

ಆ ಸಂಜೆಯೇ ನನ್ನ ಪೊದೆಯನ್ನು ಬೇರುಸಹಿತ ಕಿತ್ತು ಗೋಡೌನಿನ ಹಿಂದೆ ಎಸೆದು ಬಂದೆ. ಮೂರು ವರ್ಷದಲ್ಲಿ ಬದುಕಿದ್ದ ಒಂದೇ ಒಂದು ಉಪಯೋಗದ ಗಿಡ. ಆ ಜಾಗದಲ್ಲಿ ಅವರ ಕಡ್ಡಿ ಊರಿದೆ. ಭಾನುವಾರ ಇಬ್ಬರೂ ಬಂದರು. ಕಡ್ಡಿ ಬೋಳಾಗಿಯೇ ಇತ್ತು. ವೆಂಕಟಪ್ಪನವರು ಹಿಂದೂಪುರದ ಗಾಡಿ ಕೆಟ್ಟುನಿಂತ ಕಥೆ ಹೇಳುತ್ತ ಎರಡು ಸಲ ಕಾಫಿ ಕುಡಿದರು. ಏಳುವಾಗ ರಾಮಲಕ್ಷ್ಮಮ್ಮ ಕಡ್ಡಿಯನ್ನು ಮುಟ್ಟಿ ನೋಡಿ, "ಇನ್ನೊಂದು ವಾರ ನೋಡಣ ಬಿಡಿ ಸಾರ್" ಎಂದರು.

ಮುಂದಿನ ಶನಿವಾರ ಕಚೇರಿಯಿಂದ ಬಂದು ನೋಡುತ್ತೇನೆ, ಕಡ್ಡಿಯ ಗೆಣ್ಣಿನಲ್ಲಿ ಎರಡು ಎಳೆಯ ಎಲೆ. ಸ್ವಲ್ಪ ಹೊತ್ತು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಆಮೇಲೆ ಎರಡನ್ನೂ ಚಿವುಟಿ ಬಾಯಿಗೆ ಹಾಕಿಕೊಂಡು, ಭಾನುವಾರಕ್ಕೆ ಹಾಲು ತರಲು ಹೊರಟೆ.